ಖಂಡಸ್ಫುಟಿತ ವಿಕಿ ಜೀರ್ಣೋದ್ಧಾರ: ಡಂಬಳ ಶಾಸನದ ಬೆಳಕಿನಲ್ಲಿ ಒಂದು ಗಹನ ವಿವೇಚನೆ

ಕನ್ನಡ ವಿಕಿಪೀಡಿಯ ಆರಂಭವಾದದ್ದು 2003ರ ಜೂನಿನಲ್ಲಿ ಎಂಬ ಅಭಿಪ್ರಾಯ ಪಂಡಿತ ವಲಯದಲ್ಲಿ ಬೇರೂರಿಬಿಟ್ಟಿದೆ. ಯಾವುದಾದರೊಂದರ ಕಾಲವನ್ನು ಹಿಂದಕ್ಕೆ ತಳ್ಳದ ಸಂಶೋಧನೆಗೆ ನಮ್ಮಲ್ಲಿ ಬೆಲೆಯಿಲ್ಲವಾದ್ದರಿಂದ ಪ್ರಸ್ತುತ ಪ್ರಬಂಧಕಾರನು ಅದನ್ನು ಸರಿಯಾಗಿ 908 ವರ್ಷ ಹಿಂದಕ್ಕೆ ತಳ್ಳಿದ್ದಾನೆ. ಇನ್ನೂ ತಳ್ಳುವ ತ್ರಾಣವಿತ್ತು. ಅಷ್ಟರಲ್ಲಿ ಡಂಬಳದ ಶಾಸನ ಅಡ್ಡ ಬಂತು.

ಮುಂಡರಗಿ ತಾಲ್ಲೂಕಿನ ಡಂಬಳ ಹಿಂದೆ ಧರ್ಮವೊಳಲ್ ಆಗಿತ್ತು. ಕಲ್ಯಾಣ ಚಾಳುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕ್ರಿ.ಶ. 1095ರಲ್ಲಿ, ಇಲ್ಲಿ ತಾರಾದೇವಿಯನ್ನು ಸ್ತುತಿಸಿ ಒಂದು ಬೌದ್ಧ ಶಾಸನ ಹಾಕಿಸಿದರು. ಶಾಸನತಜ್ಞ ಫ್ಲೀಟ್ ಸಾಹೇಬರು 19ನೆಯ ಶತಮಾನದಲ್ಲಿ ಅದನ್ನು ಓದಿ ಅಚ್ಚಿಗೆ ಕೊಟ್ಟರು. ಅದರ ಪ್ರಕಾರ ಊರಿನ ವಿಹಾರವನ್ನು ಕಟ್ಟಿಸಿದವರು ಹದಿನಾರು ಮಂದಿ ಸೆಟ್ಟಿಗಳು. ಒಬ್ಬ ದೊರೆಯಲ್ಲ, ಒಬ್ಬ ದಂಡನಾಯಕನಲ್ಲ. ಹದಿನಾರು ಮಂದಿ, ತಂತಮ್ಮ ಅಂಗಡಿ ಮುಚ್ಚಿಕೊಂಡು ಬಂದವರು. ಹಲವರು ಸೇರಿ ಒಂದನ್ನು ಕಟ್ಟಿ, ಇದು ನನ್ನದು ಎಂದು ಯಾರೊಬ್ಬರೂ ಹೇಳಿಕೊಳ್ಳಲಾಗದಂತೆ ಮಾಡುವ ವಿದ್ಯೆ ವಿಕಿಯಲ್ಲದೆ ಮತ್ತೇನು? ಅದೇ ಶಾಸನದಲ್ಲಿ ಲೊಕ್ಕಿಗುಂಡಿಯ, ಅಂದರೆ ಇಂದಿನ ಲಕ್ಕುಂಡಿಯ, ಸೆಟ್ಟಿಯೊಬ್ಬ ಪ್ರತ್ಯೇಕವಾಗಿ ಆರ್ಯತಾರಾದೇವಿಯ ವಿಹಾರ ಕಟ್ಟಿಸಿದ ಪ್ರಸ್ತಾಪವೂ ಬರುತ್ತದೆ. ಒಂದು ವಿಷಯದ ಮೇಲೆ ಲೇಖನ ಇರುವಾಗಲೇ ಪಕ್ಕದೂರಿನವನು ಇನ್ನೊಂದು ಶುರುಮಾಡುವ ಪರಂಪರೆಗೆ ಇದೇ ಮೊದಲ ಶಿಲಾಸಾಕ್ಷ್ಯ. ಇಂದಾಗಿದ್ದರೆ ಎರಡರ ನೆತ್ತಿಯ ಮೇಲೂ ‘ವಿಲೀನಗೊಳಿಸಿ’ ಎಂಬ ಫಲಕ ಬೀಳುತ್ತಿತ್ತು.

ಸರಿ, ವಿಕಿ ಸಿದ್ಧವಾಯಿತು. ಗಣಕವೆಲ್ಲಿ ಎಂದು ಯಾರಾದರೂ ಕೇಳಿಯಾರು. ಅಂಥವರು ದೊಡ್ಡಬಸಪ್ಪನ ಗುಡಿಯ ಹಿಂಬದಿಗೆ ನಡೆದು ಬರಬೇಕು. 12ನೆಯ ಶತಮಾನದ ಈ ಗುಡಿಯ ತಲವಿನ್ಯಾಸ 24 ಮೂಲೆಗಳ ಅಖಂಡ ನಕ್ಷತ್ರ. ಒಂದು ಚೌಕವನ್ನಿಟ್ಟು, 15 ಡಿಗ್ರಿ ತಿರುಗಿಸಿ ಮತ್ತೊಂದನ್ನಿಟ್ಟು, ಹೀಗೆ ಆರು ಚೌಕಗಳಾಗುವವರೆಗೆ ಅದೇ ಆಜ್ಞೆಯನ್ನು ಪುನರಾವರ್ತಿಸಿದರೆ 24 ಮೂಲೆ ಬರುತ್ತವೆ. ಏಳನೆಯದು ಮೊದಲನೆಯದರ ಮೇಲೇ ಕೂರುವುದರಿಂದ ಅಲ್ಲಿಗೆ ನಿಲ್ಲಬೇಕು. ಇದನ್ನು ಕಂಪ್ಯೂಟರ್ ಕಾಲೇಜುಗಳಲ್ಲಿ ಲೂಪ್ ಎನ್ನುತ್ತಾರೆ. ಡಂಬಳದ ರೂವಾರಿ ಅದನ್ನು ಬಳಪದ ಕಲ್ಲಿನಲ್ಲಿ ಬರೆದ, ಎಲ್ಲಿ ನಿಲ್ಲಿಸಬೇಕೆಂಬುದು ಅವನಿಗೆ ಗೊತ್ತಿತ್ತು. ಇಂದಿನ ಎಷ್ಟೋ ಪ್ರೋಗ್ರಾಮುಗಳಿಗೆ ಅದು ಗೊತ್ತಿಲ್ಲ.

ಪೂರ್ವಪಕ್ಷಿಗಳು ಇಲ್ಲಿ ಎರಡು ಹಳೆಯ ವಿಶ್ವಕೋಶಗಳನ್ನು ಎತ್ತಿ ತೋರಿಸುವುದುಂಟು. 1025ರ ಸುಮಾರಿಗೆ ಇಮ್ಮಡಿ ಚಾವುಂಡರಾಯ ಬರೆದ ‘ಲೋಕೋಪಕಾರ’ದಲ್ಲಿ ಮಳೆಯಿಂದ ಅಡುಗೆಯವರೆಗೆ, ಅಂತರ್ಜಲದಿಂದ ವಿಷವೈದ್ಯದವರೆಗೆ ಎಲ್ಲವೂ ಇದೆ. ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರ ಸಂಸ್ಕೃತದಲ್ಲಿ ನೂರು ಅಧ್ಯಾಯಗಳ ‘ಮಾನಸೋಲ್ಲಾಸ’ವನ್ನೇ ರಚಿಸಿದ. ಇರಲಿ. ಎರಡಕ್ಕೂ ಚರ್ಚೆ ಪುಟವಿಲ್ಲ. ಚಕ್ರವರ್ತಿ ಬರೆದ ಅಧ್ಯಾಯದ ಮಗ್ಗುಲಲ್ಲಿ ‘ಉಲ್ಲೇಖ ಬೇಕಾಗಿದೆ’ ಎಂದು ಗೀಚಿ ಮನೆಗೆ ಮರಳಿದ ಪ್ರಜೆ ಯಾವ ಶಾಸನದಲ್ಲೂ ಕಾಣುವುದಿಲ್ಲ. ಪೂರ್ವಪಕ್ಷ ಖಂಡಿತ.

ಈಗ ಮುಖ್ಯ ಪ್ರಮೇಯ. ನಮ್ಮ ಶಾಸನಗಳ ದಾನದ ಭಾಗ ಓದಿದವರಿಗೆ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಪರಿಚಿತ. ಕಟ್ಟಿಸಿದವನ ಹೊಗಳಿಕೆ ಮುಗಿದ ಮೇಲೆ, ಮುರಿದದ್ದನ್ನೂ ಬಿರಿದದ್ದನ್ನೂ ದುರಸ್ತಿ ಮಾಡಲು ಇಷ್ಟು ಮತ್ತರು ಭೂಮಿ ಎಂದು ಅದು ಬರುತ್ತದೆ. ಅಂದರೆ ಕಟ್ಟಿದ್ದು ಬಿರಿಯುತ್ತದೆ ಎಂಬುದನ್ನು ಕಟ್ಟುವ ದಿನವೇ ಒಪ್ಪಿಕೊಂಡ ಜನ ಅವರು. ಕನ್ನಡ ವಿಕಿಪೀಡಿಯದ ಲೇಖನಗಳು 30 ಸಾವಿರ ದಾಟಿವೆ. ಹೊಸ ಲೇಖನ ಬರೆಸಲು ಸಂಪಾದನೋತ್ಸವಗಳಿವೆ, ಬ್ಯಾನರುಗಳಿವೆ, ಮಧ್ಯಾಹ್ನ ಊಟವಿದೆ, ಸಂಜೆ ಪ್ರಮಾಣಪತ್ರವಿದೆ. ಬಿರಿದದ್ದನ್ನು ಸರಿಪಡಿಸಲು ಮತ್ತರೂ ಇಲ್ಲ, ಮಜ್ಜಿಗೆಯೂ ಇಲ್ಲ.

ಎಲ್ಲಕ್ಕಿಂತ ಬೇಗ ಬಿರಿಯುವುದು ಕಂಪ್ಯೂಟರಿಗೆ ಸಂಬಂಧಿಸಿದ ಲೇಖನ. ದೊಡ್ಡಬಸಪ್ಪನ ಗುಡಿಯ ಬಗ್ಗೆ ಒಮ್ಮೆ ಸರಿಯಾಗಿ ಬರೆದಿಟ್ಟರೆ ಮೊಮ್ಮಕ್ಕಳ ಕಾಲಕ್ಕೂ ಸರಿಯಾಗಿಯೇ ಇರುತ್ತದೆ. ಮೂಲೆಗಳು 25 ಆಗುವ ಭಯವಿಲ್ಲ. ವಿಂಡೋಸ್ ಎಕ್ಸ್‌ಪಿ ಹಾಗಲ್ಲ. ಅದು 2001ರ ಅಕ್ಟೋಬರಿನಲ್ಲಿ ಹೊರಬಂತು, 2014ರ ಏಪ್ರಿಲ್ 8ಕ್ಕೆ ಮೈಕ್ರೋಸಾಫ್ಟ್ ಅದರ ಆರೈಕೆ ನಿಲ್ಲಿಸಿತು. ಆ ನಡುವೆ ಯಾರೋ ಪುಣ್ಯಾತ್ಮ ‘ಇತ್ತೀಚಿನ’ ಎಂಬ ವಿಶೇಷಣವನ್ನು ಅದಕ್ಕೆ ಜೋಡಿಸಿ, ಪ್ರಮಾಣಪತ್ರ ತೆಗೆದುಕೊಂಡು, ಬಸ್ಸು ಹತ್ತಿ ಹೋಗಿರುತ್ತಾನೆ. ‘ಇತ್ತೀಚಿನ’, ‘ಸದ್ಯ’, ‘ಹೊಸದಾಗಿ’, ‘ಮುಂದಿನ ವರ್ಷ ಬಿಡುಗಡೆಯಾಗಲಿದೆ’ ಇವು ವಿಶ್ವಕೋಶದಲ್ಲಿ ಬರೆದ ಮರುದಿನವೇ ಕೊಳೆಯುವ ಪದಗಳು. ಇವುಗಳ ಬೆನ್ನು ಹತ್ತಿ, ಒಂದೊಂದನ್ನೂ ಕಿತ್ತು ಇಸವಿ ಕೂರಿಸುವ ಸ್ವಯಂಸೇವಕನಿಗೆ ಪ್ರಸ್ತುತ ಪ್ರಬಂಧಕಾರನು ‘ಜೀರ್ಣೋದ್ಧಾರಿ’ ಎಂಬ ಬಿರುದು ಪ್ರದಾನ ಮಾಡಿದ್ದಾನೆ. ಶಾಲು ಅವರವರದೇ.

ಜೀರ್ಣೋದ್ಧಾರಿಯ ಅತ್ಯಂತ ಸೂಕ್ಷ್ಮ ಕರ್ತವ್ಯ ಅಂತ್ಯಕ್ರಿಯೆ. ಮನುಷ್ಯ ತೀರಿಕೊಂಡರೆ ವಿಕಿಯಲ್ಲಿ ಸುಲಭ: ‘ಸಾಹಿತಿ’ ಎಂದಿದ್ದವರು ‘ಸಾಹಿತಿಯಾಗಿದ್ದರು’ ಆಗುತ್ತಾರೆ, ಒಂದು ದಿನಾಂಕ ಸೇರುತ್ತದೆ, ಅಲ್ಲಿಗೆ ಸೂತಕ ಕಳೆಯಿತು. ತಂತ್ರಾಂಶ ತೀರಿಕೊಂಡರೆ? ಆರ್ಕುಟ್ 2014ರ ಸೆಪ್ಟೆಂಬರ್ 30ರಂದು ಕಣ್ಣು ಮುಚ್ಚಿತು, ಅಡೋಬಿ ಫ್ಲ್ಯಾಶ್ 2020ರ ಕೊನೆಯ ದಿನ, ಇಂಟರ್‌ನೆಟ್ ಎಕ್ಸ್‌ಪ್ಲೋರರ್ 2022ರ ಜೂನ್ 15ರಂದು. ಇಂಗ್ಲಿಷ್ ವಿಕಿಪೀಡಿಯದ ಶೈಲಿ ಸಂಹಿತೆ ಈ ವಿಷಯದಲ್ಲಿ ಗರುಡಪುರಾಣದಷ್ಟೇ ಕಟ್ಟುನಿಟ್ಟು. ಹಳೆಯ ಯಂತ್ರಗಳೂ ತಂತ್ರಾಂಶಗಳೂ ನಿಂತುಹೋಗಿದ್ದರೂ ಅವುಗಳಿಗೆ ವರ್ತಮಾನ ಕಾಲವನ್ನೇ ಬಳಸಬೇಕು: ಅದು ‘ಸ್ಥಗಿತಗೊಂಡ ಬ್ರೌಸರ್’ ಆಗಿದೆಯೇ ಹೊರತು, ಬ್ರೌಸರ್ ಆಗಿತ್ತು ಎನ್ನಕೂಡದು. ದೇಹ ನಶ್ವರ, ತಂತ್ರಾಂಶ ಅವಿನಾಶಿ ಎಂಬ ಈ ಸಿದ್ಧಾಂತವನ್ನು ಅಮೆರಿಕದವರು ಎಲ್ಲಿಂದ ಕಲಿತರೆಂಬುದು ಇನ್ನೊಂದು ಪ್ರಬಂಧದ ವಸ್ತು. ನಮ್ಮಲ್ಲಿ ವೀರಗಲ್ಲುಗಳಿವೆ. ಕೆಳಗಿನ ಪಟ್ಟಿಕೆಯಲ್ಲಿ ಕಾಳಗ, ನಡುವಿನದರಲ್ಲಿ ಅಪ್ಸರೆಯರ ಕೈಹಿಡಿದು ಪಯಣ, ಮೇಲಿನದರಲ್ಲಿ ಕೈಲಾಸ. ಎಕ್ಸ್‌ಪ್ಲೋರರಿನ ಮಾಹಿತಿ ಚೌಕಟ್ಟಿನಲ್ಲೂ ಹುಟ್ಟಿದ್ದು, ಬೆಳೆದದ್ದು, ನಿಂತದ್ದು ಒಂದರ ಕೆಳಗೊಂದು ಬರುತ್ತವೆ. ಅಪ್ಸರೆಯರು ಮಾತ್ರ ಇಲ್ಲ, ಅದರ ಕಾರ್ಯಕ್ಷಮತೆ ಬಲ್ಲವರಿಗೆ ಕಾರಣ ಹೇಳಬೇಕಾಗಿಲ್ಲ.

ಡಂಬಳದ ಬೌದ್ಧ ಪರಂಪರೆ ಕಣ್ಮರೆಯಾಯಿತೆಂದು ಇತಿಹಾಸಕಾರರು ಹೇಳುವುದನ್ನು ಪ್ರಬಂಧಕಾರ ಒಪ್ಪುವುದಿಲ್ಲ. ಬೌದ್ಧರ ಶೂನ್ಯವಾದವು ಯೂನಿಕೋಡಿನಲ್ಲಿ ಬದುಕಿದೆ. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಟಕಾರಕ್ಕೂ ವಕಾರಕ್ಕೂ ನಡುವೆ ಸೊನ್ನೆ ಅಗಲದ ಒಂದು ಅಕ್ಷರ ಕೂರುತ್ತದೆ. ಅದಕ್ಕೆ ರೂಪವಿಲ್ಲ, ಧ್ವನಿಯಿಲ್ಲ, ಕಾಗದದ ಮೇಲೆ ಜಾಗವಿಲ್ಲ. 200ಸಿ ಎಂಬ ಸಂಖ್ಯೆ ಮಾತ್ರ ಇದೆ. ಅದಿಲ್ಲದಿದ್ದರೆ ಅದೇ ಪದ ‘ಸಾಫ್ಟ್ವೇರ್’ ಆಗಿ ಒತ್ತಕ್ಷರಕ್ಕೆ ಇಳಿಯುತ್ತದೆ. ಯಂತ್ರದ ಕಣ್ಣಿಗೆ ಇವು ಎರಡು ಬೇರೆ ಶೀರ್ಷಿಕೆ, ಹಾಗಾಗಿ ಎರಡು ಬೇರೆ ಲೇಖನ ಹುಟ್ಟಬಹುದು. ಒಂದರಿಂದ ಕೊಟ್ಟ ಕೊಂಡಿ ಇನ್ನೊಂದನ್ನು ಮುಟ್ಟದೆ ಕೆಂಪಾಗಿಯೇ ಉಳಿಯಬಹುದು. ಕಾಣದಿರುವ, ಕೇಳದಿರುವ, ಅಗಲವೇ ಇಲ್ಲದ ವಸ್ತುವೊಂದನ್ನು ಹುಡುಕಿ ಸೇರಿಸುವವನನ್ನು ನೆರೆಯವರು ಏನೆಂದುಕೊಳ್ಳುತ್ತಾರೆ ಎಂಬ ಬಗ್ಗೆ ಕ್ಷೇತ್ರಕಾರ್ಯ ಇನ್ನೂ ನಡೆಯಬೇಕಿದೆ.

ವಿಕಿಯ ಮಾಹಿತಿ ಚೌಕಟ್ಟುಗಳನ್ನು ಒಳಗಿನಿಂದ ನಡೆಸುವ, ಲುವಾ ಎಂಬ ಭಾಷೆಯಲ್ಲಿ ಬರೆದ ಮಾಡ್ಯೂಲುಗಳ ವಿಷಯವನ್ನು ಸಂಕ್ಷೇಪದಲ್ಲಿ ಹೇಳಿ ಮುಗಿಸಬಹುದು, ಏಕೆಂದರೆ ಅದು ಪ್ರಬಂಧಕಾರನಿಗೆ ಅರ್ಥವಾಗಿಲ್ಲ. ಇಂಗ್ಲಿಷಿನಿಂದ ಎತ್ತಿ ತಂದ ಚೌಕಟ್ಟಿಗೆ ಭಕ್ತಿಯಿಂದ ‘೨೦೧೪’ ಎಂದು ಕನ್ನಡ ಅಂಕಿ ತುಂಬಿದರೆ ಲುವಾ ಅದನ್ನು ಸಂಖ್ಯೆಯೆಂದೇ ಒಪ್ಪದೆ ಕೆಂಪು ದೋಷ ಕಾರುತ್ತದೆ ಎಂಬಷ್ಟು ಮಾತ್ರ ಖಚಿತ. ರಾಜ್ಯೋತ್ಸವದ ದಿನ ಕನ್ನಡ ಅಂಕಿ ಹಾಕಿದವನೂ ಮರುದಿನ ತೆಗೆದವನೂ ಒಬ್ಬನೇ ಸದಸ್ಯನಾಗಿರುವ ಸಾಧ್ಯತೆಯನ್ನು ತಳ್ಳಿಹಾಕುವಂತಿಲ್ಲ.

ಕನ್ನಡ ವಿಕಿಯ ಭೂಸ್ತರಶಾಸ್ತ್ರದಲ್ಲಿ 2010ರ ಆಸುಪಾಸಿನ ಪದರ ತುಂಬ ದಪ್ಪ. ಆಗ ಗೂಗಲ್ ತನ್ನ ಅನುವಾದ ಸಲಕರಣೆಯ ಮೂಲಕ, ಅನುವಾದಕರಿಗೆ ಹಣ ಕೊಟ್ಟು, ಹಲವು ಭಾರತೀಯ ಭಾಷೆಗಳಿಗೆ ಇಂಗ್ಲಿಷ್ ಲೇಖನಗಳನ್ನು ಸುರಿಸಿತು. ಕನ್ನಡಕ್ಕೂ ಪಾಲು ಬಂತು. ಉದ್ದುದ್ದ ಲೇಖನ, ಪ್ರತಿ ವಾಕ್ಯದ ಕೊನೆಗೂ ಒಂದು ‘ಆಗಿದೆ’, ನಡುನಡುವೆ ಕನ್ನಡದಲ್ಲಿ ಇಲ್ಲದ ಟೆಂಪ್ಲೇಟುಗಳ ಅಸ್ಥಿಪಂಜರ. ‘ಇದು ಒಂದು ಪ್ರಕಾರದ ಸ್ಮೃತಿಯಾಗಿದೆ, ಯಾವುದು ಗಣಕದಲ್ಲಿ ಬಳಸಲ್ಪಡುವಂತಹುದಾಗಿದೆ’ ಎಂಬ ಮಾದರಿಯ ವಾಕ್ಯದ ಮುಂದೆ ಕೂತ ಜೀರ್ಣೋದ್ಧಾರಿಗೆ ಎರಡೇ ದಾರಿ: ಕಂಬಕಂಬವಾಗಿ ‘ಆಗಿದೆ’ಗಳನ್ನು ಕಿತ್ತು ಚಾವಣಿ ಬೀಳದಂತೆ ಆನಿಕೆ ಕೊಡುವುದು, ಇಲ್ಲವೆ ಪೂರಾ ಕೆಡವಿ ಮೂರು ಸಾಲಿನ ಚುಟುಕು ಬರೆಯುವುದು. ಎರಡನೆಯದೇ ವಾಸಿ ಎಂಬುದು ಪ್ರಬಂಧಕಾರನ ಮತ. ಬೈಟ್ ಎಣಿಸುವವರಿಗೆ ಇದು ರುಚಿಸದು.

ಕನ್ನಡ ವಿಕಿಪೀಡಿಯದ ಸಾಮುದಾಯಿಕ ಚರ್ಚೆಯ ಪುಟಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರು. ಹಾಗಾಗಿ ಪ್ರಬಂಧಕಾರನು ಈ ಸಿದ್ಧಾಂತವನ್ನು ನಿಜವಾದ ಕಟ್ಟೆಯೊಂದರ ಮೇಲೂ ಮಂಡಿಸಿದ. ಎಲೆಯಡಿಕೆ ಜಗಿಯುತ್ತಿದ್ದ ಹಿರಿಯರೊಬ್ಬರು ವಿಮರ್ಶಕರಾಗಿ ಒದಗಿದರು.

“ಅಲ್ಲರೀ ಸರ, ಇಷ್ಟೆಲ್ಲಾ ರಿಪೇರಿ ಮಾಡ್ತಾರಲ್ಲ, ಅವರಿಗೆ ಪಗಾರ ಎಷ್ಟ?”

“ಪಗಾರ ಇಲ್ರಿ ಕಾಕಾ.”

“ಹೆಸರರ ಹಾಕ್ತಾರೇನು?”

“‘ಇತಿಹಾಸ’ ಅಂತ ಒಂದು ಗುಂಡಿ ಐತ್ರಿ. ಒತ್ತಿದ್ರ ಹೆಸರು ಕಾಣತಾವು.”

“ಅದನ್ನ ಯಾರ್ ಒತ್ತತಾರ?”

“ಇನ್ನೊಬ್ಬ ರಿಪೇರಿ ಮಾಡಾವ ಒತ್ತತಾನ್ರಿ.”

“ಅಂದ್ರ ನೀವ ಬರದು, ನೀವ ಓದಕೋತೀರಿ,” ಎಂದು ಕಾಕಾ ಪಕ್ಕಕ್ಕೆ ತಿರುಗಿ ಉಗುಳಿದರು. ಈ ಹೇಳಿಕೆ ಪೂರ್ವಪಕ್ಷವೋ ಸಿದ್ಧಾಂತವೋ ಎಂಬುದರ ನಿರ್ಣಯವನ್ನು ಎರಡನೆಯ ಸಂಪುಟಕ್ಕೆ ಕಾಯ್ದಿರಿಸಲಾಗಿದೆ.

ಉಳಿದದ್ದು ರಕ್ಷಣೆಯ ಪ್ರಶ್ನೆ. ಲೇಖನ ಕೆಡಿಸುವವರಿಗೆ ವಿಕಿಯವರು ಚರ್ಚೆ ಪುಟದಲ್ಲಿ ಸೌಜನ್ಯದ ಎಚ್ಚರಿಕೆ ಹಾಕುತ್ತಾರೆ, ಮತ್ತೊಮ್ಮೆ ಹಾಕುತ್ತಾರೆ, ಕೊನೆಗೆ 24 ಗಂಟೆ ತಡೆ ಹಾಕುತ್ತಾರೆ. ಶಾಸನಕಾರರ ದಂಡಸಂಹಿತೆಯೊಂದಿಗೆ ಹೋಲಿಸಿದಾಗ ಇದರ ಬಡತನ ಎದ್ದು ಕಾಣುತ್ತದೆ. ಅಲ್ಲಿ ದತ್ತಿಯನ್ನು ಅಳಿದವನಿಗೆ ವಾರಣಾಸಿಯಲ್ಲಿ ಕವಿಲೆಯನ್ನು ಕೊಂದ ಪಾಪ, ಅದರ ಮೇಲೆ 60 ಸಾವಿರ ವರ್ಷ ಅಮೇಧ್ಯದಲ್ಲಿ ಹುಳುವಾಗಿ ಹುಟ್ಟುವ ಶಿಕ್ಷೆ. ಮೇಲ್ಮನವಿಗೆ ಅವಕಾಶವಿಲ್ಲ. ಐಪಿ ವಿಳಾಸ ಬದಲಿಸಿದರೂ ತಪ್ಪಿಸಿಕೊಳ್ಳುವಂತಿಲ್ಲ.

‘ಸ್ವಂತ ಸಂಶೋಧನೆ’ ಸಲ್ಲದು ಎಂಬ ವಿಕಿ ನಿಯಮದಡಿ ಈ ಪ್ರಬಂಧವೂ ಅಳಿಸಿಹೋಗಲು ಸರ್ವಥಾ ಅರ್ಹವಾದ್ದರಿಂದ ಶಾಪಾಶಯವನ್ನು ಈಗಲೇ ಕೆತ್ತಿಸಿಡುವುದು ಕ್ಷೇಮ: ಇದನ್ನು ಸಂಪಾದನೆಯ ಸಾರಾಂಶ ಬರೆಯದೆ ಅಳಿಸಿದವನು 60 ಸಾವಿರ ವರ್ಷ ಬಾಟ್ ಆಗಿ ಹುಟ್ಟಿ, ಅಲ್ಪವಿರಾಮದ ಹಿಂದಿನ ಖಾಲಿ ಜಾಗ ತೆಗೆಯುತ್ತಿರಲಿ. ಸಾರಾಂಶ ಬರೆದು ಅಳಿಸಿದವನಿಗೆ ಡಂಬಳದ ಬಸ್ ನಿಲ್ದಾಣದಲ್ಲಿ ಒಂದು ತಟ್ಟೆ ಗಿರ್ಮಿಟ್ ಕೊಡಿಸಲಾಗುವುದು. ಮಿರ್ಚಿಯ ರೊಕ್ಕ ಅವನೇ ಕೊಡತಕ್ಕದ್ದು.