ಹಳೇ ಗಿಟಾರಿಗೆ ಏನು ಬರತೈತಿ?

ಮಹಾಲಿಂಗಪುರದಲ್ಲಿ ಬೆಲ್ಲಕ್ಕೆ ಪೇಟೆಯಿದೆ, ಹಳೇ ಎಲೆಕ್ಟ್ರಿಕ್ ಗಿಟಾರಿಗೆ ಇಲ್ಲ. ಜಾತ್ರೆಗಳಲ್ಲಿ ಆರ್ಕೆಸ್ಟ್ರಾದಲ್ಲಿ ನುಡಿಸುವ ಹುಡುಗನೊಬ್ಬ ತನ್ನ ಗಿಟಾರ್ ಕೊಟ್ಟು, ಗಿಟಾರಿನ ದನಿ ಬದಲಿಸುವ ಎಫೆಕ್ಟ್ಸ್ ಪ್ರೊಸೆಸರ್ ಡಬ್ಬಿ ತರಲು ಹುಬ್ಬಳ್ಳಿಗೆ ಹೋದ. ಫ್ರೆಟ್ ಸವೆದಿದೆ, ಜ್ಯಾಕ್ ಕರಕರ ಅನ್ನುತ್ತದೆ ಎಂದು ಅಂಗಡಿಯವ ಬೆಲೆ ಇಳಿಸುತ್ತಲೇ ಹೋದ.

ಅವ್ವನ ಪ್ರಶ್ನೆ ಬೇರೆ: "ಗಿಟಾರ ಕೊಟ್ಟು ಡಬ್ಬಿ ತಂದ್ರ, ಅದಕ್ಕ ಏನ್ ಚುಚ್ಚಾಂವ?"

ಗೆಳೆಯರು ಹೆಸರಾಂತ ಗಿಟಾರ್ ವಾದಕ ಎರಿಕ್ ಕ್ಲಾಪ್ಟನ್‌ನ ಕಥೆ ತೆಗೆದರು. ಆತ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಹಳೇ ಸ್ಟ್ರಾಟೋಕಾಸ್ಟರ್ ಗಿಟಾರ್‌ಗಳನ್ನು ಕೊಂಡು, ಕೆಲವನ್ನು ಗೆಳೆಯರಿಗೆ ಹಂಚಿ, ಮೂರರ ಒಳ್ಳೇ ಭಾಗಗಳನ್ನು ಜೋಡಿಸಿ 'ಬ್ಲ್ಯಾಕಿ' ಎಂಬ ಗಿಟಾರ್ ಮಾಡಿಕೊಂಡ. 2004ರ ಹರಾಜಿನಲ್ಲಿ ಅದಕ್ಕೆ ಸಿಕ್ಕಿದ್ದು 9,59,500 ಡಾಲರ್! ಸವೆದ ಫ್ರೆಟ್ಟಿಗೂ ಬೆಲೆಯುಂಟು. ಸವೆಸಿದ ಬೆರಳು ಯಾರದೆಂಬುದು ಬೇರೆ ಮಾತು.

ಹುಡುಗ ಗಿಟಾರ್ ಮಾರಲಿಲ್ಲ; ಸದ್ಯ ರೇಡಿಯೋ ರಿಪೇರಿಯವ ಅದರ ಜ್ಯಾಕಿಗೆ ಬೆಸುಗೆ ಹಾಕಿದ್ದಾನೆ. ಡಬ್ಬಿಯ ವಿಚಾರ ಜಾತ್ರೆಯ ರೊಕ್ಕ ಕೈಗೆ ಬಂದ ಮೇಲೆ.