ಬೆಟ್ಟಕ್ಕೆ ನಮ್ಮ ಬೆಂಬಲ, ಮೂರು ರೂಪಾಯಿ ಒಂದನ್ನು ಬಿಟ್ಟು

ಪಶ್ಚಿಮ ಘಟ್ಟ ಎಲ್ಲಿಂದ ಶುರುವಾಗುತ್ತದೆ ಎಂದು ಕೇಳಿದರೆ ಭೂಗೋಳದ ಮೇಷ್ಟ್ರು ತಾಪಿ ನದಿಯ ದಕ್ಷಿಣಕ್ಕೆ ಕೈ ತೋರಿಸುತ್ತಾರೆ. ಅವರದು ಹಳೇ ಪಠ್ಯ. ಈಗ ಅದು ಶುರುವಾಗುವುದು ಪಶ್ಚಿಮ ಬೆಂಗಳೂರಿನಿಂದ. ರಾಜಾಜಿನಗರದಲ್ಲಿ ಮಲೆನಾಡು ಉಳಿಸುವವರಿದ್ದಾರೆ, ಬಸವೇಶ್ವರನಗರದಲ್ಲಿ ಸಹ್ಯಾದ್ರಿ ಬೆಳೆಸುವವರಿದ್ದಾರೆ, ವಿಜಯನಗರದಲ್ಲಿ ಕೊಡಗು ಕಾಯುವವರಿದ್ದಾರೆ. ಈ ಮೂರೂ ಕಡೆಯವರನ್ನು ಒಂದೇ ವೇದಿಕೆಗೆ ತಂದು ಕೂರಿಸುವವರು ಕೆಂಗೇರಿ ಉಪನಗರದಲ್ಲಿದ್ದಾರೆ. ಬೆಟ್ಟದ ಜನರ ಸುಸ್ಥಿರ ಅಭಿವೃದ್ಧಿಗೆಂದು ಹುಟ್ಟಿದ ಬಳಗ, ಕೂಟ, ಒಕ್ಕೂಟ, ವೇದಿಕೆಗಳು ಈ ಭಾಗದಲ್ಲಿ ಎಷ್ಟು ದಟ್ಟವಾಗಿವೆಯೆಂದರೆ, ಘಟ್ಟದ ಕಾಡು ಇದರ ಅರ್ಧದಷ್ಟು ದಟ್ಟವಾಗಿ ಉಳಿದಿದ್ದರೂ ಇವುಗಳ ಅಗತ್ಯವೇ ಬೀಳುತ್ತಿರಲಿಲ್ಲ.

ಇವರಿಗೆಲ್ಲ ದೊಡ್ಡ ಹಬ್ಬ ಡಿಸೆಂಬರ್ 11. ವಿಶ್ವಸಂಸ್ಥೆ 2003ರಿಂದ ಆಚರಿಸಿಕೊಂಡು ಬಂದಿರುವ ಅಂತರರಾಷ್ಟ್ರೀಯ ಪರ್ವತ ದಿನ. ಅತಿಥಿಗಳಿಗೆ ಮೈಸೂರು ಪೇಟದ ಬದಲು ಅಡಿಕೆ ಹಾಳೆಯ ಟೋಪಿ, ಹಾರದ ಬದಲು ಕುಂಡದಲ್ಲಿ ಗಿಡ. ಗಿಡವನ್ನು ಅತಿಥಿಗಳು ಕುರ್ಚಿಯ ಕೆಳಗೇ ಬಿಟ್ಟು ಹೋಗುತ್ತಾರೆ. ಸಭಾಂಗಣದ ವಾಚ್‌ಮನ್ ಅದಕ್ಕೆ ನೀರು ಹಾಕಿ ಇಟ್ಟುಕೊಂಡಿದ್ದು ಮುಂದಿನ ವಾರದ ಪರಿಸರ ಗೋಷ್ಠಿಯವರಿಗೆ ಒಪ್ಪಿಸುತ್ತಾನೆ. ಇಡೀ ಕಾರ್ಯಕ್ರಮದಲ್ಲಿ ಸುಸ್ಥಿರವಾಗಿ ನಡೆಯುವ ಕೆಲಸ ಇದೊಂದೇ. ಊಟಕ್ಕೆ ಕೊಟ್ಟೆ ಕಡುಬು, ಅಪ್ಪೆಹುಳಿ, ತೊಡೆದೇವು. ಭಾಷಣಕ್ಕೆ ಕುರ್ಚಿ ಖಾಲಿ, ತೊಡೆದೇವಿಗೆ ನೂಕುನುಗ್ಗಲು.

ಅದೇ ಹೊತ್ತಿಗೆ ಊರಿನಲ್ಲಿ ಅಡಿಕೆ ಕೊಯ್ಲು. ಮರ ಹತ್ತುವ ಕೊನೆಗೌಡ ಸಿಗುವುದಿಲ್ಲ, ಸುಲಿಯಲು ಜನ ಇಲ್ಲ, ಕಾಫಿ ಸೀಮೆಯಲ್ಲಿ ಹಣ್ಣು ಕೊಯ್ಯಲು ಆಳಿಲ್ಲ. ಹಬ್ಬದ ಹಿಂದಿನ ರಾತ್ರಿ ನಾಗರಬಾವಿಯ ಮಗ ತೀರ್ಥಹಳ್ಳಿ ಕಡೆಯ ಅಪ್ಪನಿಗೆ ಫೋನ್ ಮಾಡುತ್ತಾನೆ.

“ಅಪ್ಪಯ್ಯ, ನಾಳೆ ನಮ್ಮ ವೇದಿಕೆದು ಪರ್ವತ ದಿನ. ಮಲೆನಾಡಲ್ಲಿ ಹುಡುಗರು ಯಾಕೆ ಉಳೀತಿಲ್ಲ ಅಂತ ನಾನೇ ಮಾತಾಡೋದು.”

“ಮಾತಾಡು ಮಾರಾಯ. ಕೊಯ್ಲಿಗೆ ಯಾವಾಗ ಬರ್ತೀಯ?”

“ಈ ಸಲ ಆಗಲ್ಲ ಅಪ್ಪಯ್ಯ. ಸಂಕ್ರಾಂತಿಗೆ ನೋಡೋಣ.”

“ಹಂಗಾದ್ರೆ ಅದನ್ನೇ ಹೇಳು ಸಭೇಲಿ. ಬೇರೆ ಉದಾಹರಣೆ ಹುಡುಕ್ತಾ ಕೂರಬೇಡ.”

ಬೆಟ್ಟವನ್ನು ಕೂತಲ್ಲಿಂದಲೇ ಉದ್ಧಾರ ಮಾಡುವ ಕಲೆ ನಮ್ಮವರೇ ಕಂಡುಹಿಡಿದದ್ದೇನಲ್ಲ. 1992ರ ರಿಯೊ ಶೃಂಗಸಭೆ ತನ್ನ ‘ಕಾರ್ಯಸೂಚಿ 21’ರಲ್ಲಿ 13ನೇ ಅಧ್ಯಾಯವನ್ನು ಬೆಟ್ಟಗಳಿಗೆಂದೇ ಮೀಸಲಿಟ್ಟಿತು. 2002 ಪರ್ವತ ವರ್ಷವಾಯಿತು. ಅದೇ ವರ್ಷ ಜೊಹಾನ್ಸ್‌ಬರ್ಗ್‌ನಲ್ಲಿ ಸರ್ಕಾರಗಳೂ ಸಂಸ್ಥೆಗಳೂ ಸೇರಿ ಪರ್ವತಗಳಿಗಾಗಿ ಒಂದು ಜಾಗತಿಕ ಕೂಟ ಕಟ್ಟಿಕೊಂಡವು. ಹಿಮಾಲಯದ ಕಷ್ಟಸುಖ ನೋಡಿಕೊಳ್ಳಲು ಕಠ್ಮಂಡುವಿನಲ್ಲಿ ಇಸಿಮೋಡ್ ಎಂಬ ಕೇಂದ್ರ 1983ರಲ್ಲೇ ಹುಟ್ಟಿತ್ತು. ಆ 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಸೀಮೆಯ ಸಾಲ್ಕಣಿಯ ಜನ ಮರ ಕಡಿಯಲು ಬಂದವರ ಎದುರು ಮರ ಅಪ್ಪಿಕೊಂಡು ನಿಂತರು. ಲೆಟರ್‌ಹೆಡ್ ಅಚ್ಚಾಗಿರಲಿಲ್ಲ, ಬ್ಯಾನರ್‌ನಲ್ಲಿ ಯಾರ ಫೋಟೊ ದೊಡ್ಡದಿರಬೇಕು ಎಂದು ತೀರ್ಮಾನವಾಗಿರಲಿಲ್ಲ. ಅಷ್ಟರೊಳಗೆ ಮರ ಉಳಿದುಬಿಟ್ಟಿತು! ನಮ್ಮ ಕಡೆಯ ಕ್ರಮದಲ್ಲಾಗಿದ್ದರೆ ಮೊದಲು ಪದಾಧಿಕಾರಿಗಳ ಪದಗ್ರಹಣ, ಆಮೇಲೆ ಮರ. 1987-88ರಲ್ಲಿ ಘಟ್ಟದ ಎರಡೂ ತುದಿಯಿಂದ ಜನ ಕಾಲ್ನಡಿಗೆಯಲ್ಲಿ ಹೊರಟು ಗೋವಾದಲ್ಲಿ ಕೂಡಿಕೊಂಡರು. ನಾವೂ ಘಟ್ಟ ಉಳಿಸಲು ಯಾತ್ರೆ ಮಾಡುತ್ತೇವೆ, ಎ.ಸಿ. ಇರುವ ಟೆಂಪೊ ಟ್ರಾವೆಲರ್ ಸಿಕ್ಕರೆ.

ಘಟ್ಟ ಉಳಿಸುವ ವರದಿಗಳ ಕಥೆ ನಿಮಗೆ ಗೊತ್ತಿರುವುದೇ, ಬೇಗ ಮುಗಿಸುತ್ತೇನೆ. ಮಾಧವ ಗಾಡ್ಗೀಳ್ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಏನು ಬೇಕು, ಏನು ಬೇಡ ಎಂದು ಗ್ರಾಮಸಭೆಗಳು ಹೇಳಲಿ, ವರದಿ ಜನರ ಭಾಷೆಯಲ್ಲಿ ಜನರ ಕೈಗೆ ಸಿಗಲಿ ಎಂದಿತು. ಇಂಥ ಅಪಾಯಕಾರಿ ಮಾತನ್ನು ಹಾಗೇ ಬಿಡಲಾಗುತ್ತದೆಯೇ? ಕೇಂದ್ರ ಸರ್ಕಾರ ಅದನ್ನು ಬೀರುವಿನಲ್ಲಿಟ್ಟುಕೊಂಡಿತು. ಮಾಹಿತಿ ಹಕ್ಕಿನಡಿ ಹಟ ಹಿಡಿದವರಿಂದಾಗಿ 2012ರಲ್ಲಿ ಹೊರಬಂತು. ಹೊರಬಂದದ್ದನ್ನು ಪರಿಶೀಲಿಸಲು ಕಸ್ತೂರಿರಂಗನ್ ಸಮಿತಿ. ಅದು ಉಪಗ್ರಹದ ಚಿತ್ರ ಹರಡಿಕೊಂಡು ನೋಡಿ, ಘಟ್ಟದ ಶೇ 37ರಷ್ಟು ಭಾಗ ಪರಿಸರ ಸೂಕ್ಷ್ಮ ಎಂದಿತು. ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅದನ್ನು ಸೂಕ್ಷ್ಮವೆಂದು ಘೋಷಿಸುವ ಕರಡು ಅಧಿಸೂಚನೆಗಳು 2014ರಿಂದ ಬರುತ್ತಲೇ ಇವೆ. ಆರನೆಯದು ಬಂದದ್ದು 2024ರ ಜುಲೈ 31ರಂದು, ವಯನಾಡಿನಲ್ಲಿ ಗುಡ್ಡ ಜಾರಿ ನೂರಾರು ಜನ ಮಣ್ಣಾದ ಮರುದಿನ. ಸೆಪ್ಟೆಂಬರ್‌ನಲ್ಲಿ ನಮ್ಮ ರಾಜ್ಯದ ಸಂಪುಟ ಕಸ್ತೂರಿರಂಗನ್ ವರದಿ ಬೇಡವೆಂದಿತು. ಈ ದೇಶದಲ್ಲಿ ಕರಡು ಬೆಟ್ಟಕ್ಕಿಂತ ಗಟ್ಟಿ. ಬೆಟ್ಟ ಕುಸಿದರೂ ಕರಡು ಕದಲದೆ ಕರಡಾಗಿಯೇ ನಿಂತಿರುತ್ತದೆ. ಇನ್ನು ಹಳ್ಳಿಗಳಿಗೆ ತಲುಪಿದ್ದು ವರದಿಯಲ್ಲ, ‘ವರದಿ ಬಂದ್ರೆ ಕೊಟ್ಟಿಗೆಗೆ ಹೆಂಚು ಹೊದಿಸೋಕೂ ಬಿಡಲ್ವಂತೆ’ ಎಂಬ ಗಾಳಿಮಾತು. ಗಾಳಿಮಾತು ಮಾತ್ರ ಅಚ್ಚ ಕನ್ನಡದಲ್ಲಿತ್ತು.

ಈಗ ಮುಖ್ಯ ವಿಷಯಕ್ಕೆ ಬರೋಣ. 2024ರ ನವೆಂಬರ್‌ನಲ್ಲಿ ಅರಣ್ಯ ಸಚಿವ ಈಶ್ವರ ಖಂಡ್ರೆ ಒಂದು ಪ್ರಸ್ತಾವ ಕೇಳಿದರು. ಘಟ್ಟದ ನದಿಗಳ ನೀರು ಕುಡಿಯುವ ಊರುಗಳ ನೀರಿನ ಬಿಲ್ಲಿಗೆ ತಿಂಗಳಿಗೆ ಎರಡೋ ಮೂರೋ ರೂಪಾಯಿ ಹಸಿರು ಸೆಸ್ ಸೇರಿಸಿ, ಆ ದುಡ್ಡನ್ನು ಘಟ್ಟಕ್ಕೆ ಖರ್ಚು ಮಾಡಿದರೆ ಹೇಗೆ ಎಂದು. ಅಷ್ಟೇ. ಡಿಸೆಂಬರ್ ಗೋಷ್ಠಿಗೆ ಹೊಟ್ಟೆ ಸಜ್ಜು ಮಾಡಿಕೊಳ್ಳುತ್ತಿದ್ದ ನಮ್ಮ ಬಡಾವಣೆಗಳಲ್ಲಿ ಹಾಹಾಕಾರ ಎದ್ದಿತು. “ಬೆಟ್ಟ ಉಳಿಸೋದು ಸರ್ಕಾರದ ಕೆಲಸ ಕಣ್ರೀ, ನಾವ್ಯಾಕೆ ಕೊಡಬೇಕು?” “ಮಧ್ಯಮ ವರ್ಗವೇ ಸಿಕ್ಕೋದಾ ಇವರಿಗೆ?” ಮೂರು ರೂಪಾಯಿಯಂತೆ ವರ್ಷಕ್ಕೆ ಮೂವತ್ತಾರು ರೂಪಾಯಿ. ನವರಂಗ್ ಸರ್ಕಲ್‌ನ ದರ್ಶಿನಿಯಲ್ಲಿ ನಿಂತು ಈ ಅನ್ಯಾಯವನ್ನು ಖಂಡಿಸುವಾಗ ಕುಡಿದ ಎರಡು ಕಾಫಿಗೆ ಅಷ್ಟಾಗುತ್ತದೆ. ಕಾಫಿ ಚಿಕ್ಕಮಗಳೂರಿನದು, ನೀರು ತಲಕಾವೇರಿಯದು, ಸಿಟ್ಟು ಮಾತ್ರ ಸ್ಥಳೀಯ ಉತ್ಪನ್ನ.

ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್ ಬತ್ತಿ ನಗರ ಬಾಯಿ ಬಿಟ್ಟಾಗ, ಐದು ಕಿಲೋಮೀಟರ್ ಒಳಗಿನ 6,000 ಲೀಟರ್ ಟ್ಯಾಂಕರ್‌ಗೆ 600 ರೂಪಾಯಿ ಎಂದು ಜಿಲ್ಲಾಡಳಿತ ದರ ಕಟ್ಟಬೇಕಾಯಿತು. ಅದಕ್ಕೆ ಮೊದಲು ಎಷ್ಟು ಕೊಟ್ಟೆವು ಎಂಬುದು ಅವರವರ ಸಂಪಿಗೆ ಗೊತ್ತು. ತುಟಿ ಪಿಟಕ್ಕೆನ್ನದೆ ಕೊಟ್ಟೆವು, ಟ್ಯಾಂಕರ್‌ನವನಿಗೆ ‘ಅಣ್ಣ, ನಾಳೆನೂ ಒಂದು ಲೋಡು’ ಎಂದು ಹಲ್ಲು ಗಿಂಜಿದೆವು. ಬತ್ತಿದ ಪಾತಾಳಕ್ಕೆ ಸಾವಿರಗಟ್ಟಲೆ ಸುರಿಯಬಲ್ಲವರು, ನೀರು ಹುಟ್ಟುವ ಶಿಖರಕ್ಕೆ ಮೂರು ರೂಪಾಯಿ ಎಂದಕೂಡಲೇ ಸಂವಿಧಾನ ತೆಗೆದು ಓದತೊಡಗಿದರು.

ಸೆಸ್ಸಿನ ಪ್ರಸ್ತಾವವೇನೂ ಚಿನ್ನದ್ದಲ್ಲ, ಅದನ್ನೂ ಹೇಳಬೇಕು. ಮಾರಲು ಒಪ್ಪುವ ರೈತರಿಂದ ಕಾಡಂಚಿನ ಜಮೀನು ಕೊಳ್ಳುವುದು ಅದರ ಉದ್ದೇಶಗಳಲ್ಲಿ ಒಂದಾಗಿತ್ತು. ಅಂದರೆ ಬೆಟ್ಟದ ಜನಕ್ಕೆ ನಾವು ಕೊಡಲಿದ್ದ ಬೆಂಬಲದಲ್ಲಿ ಅವರು ಗಂಟುಮೂಟೆ ಕಟ್ಟುವ ಖರ್ಚೂ ಸೇರಿತ್ತು. ಇದನ್ನು ಎತ್ತಿ ಹಿಡಿದು ಯಾರಾದರೂ ವಿರೋಧಿಸಿದ್ದರೆ ಅವರ ಕಾಲಿಗೆ ಬೀಳುತ್ತಿದ್ದೆ. ನಮ್ಮ ಗುಂಪುಗಳಲ್ಲಿ ಈ ಮಾತು ಎದ್ದದ್ದು ಕಾಣೆ.

ನಿಜ ಹೇಳಬೇಕೆಂದರೆ ಬೆಟ್ಟಕ್ಕೂ ಪಶ್ಚಿಮ ಬೆಂಗಳೂರಿಗೂ ನಡುವೆ ಬಲವಾದ ಜಾಲವೊಂದು ಆಗಲೇ ಇದೆ. ಅದಕ್ಕೆ ಅಧ್ಯಕ್ಷರಿಲ್ಲ, ಅದು ಕಬ್ಬಿಣದ ಪೈಪಿನದು. 1974ರಲ್ಲಿ ಮೊದಲ ಹಂತದ ಕಾವೇರಿ ಬಂತು. 2024ರ ಅಕ್ಟೋಬರ್ 16ರಂದು ಐದನೇ ಹಂತ ಉದ್ಘಾಟನೆಯಾಗಿ ದಿನಕ್ಕೆ ಇನ್ನೂ 77.5 ಕೋಟಿ ಲೀಟರ್ ತರುವ ಏರ್ಪಾಡಾಯಿತು. ಕೊಡಗಿನ ಬೆಟ್ಟದಿಂದ ಇಳಿದ ನೀರನ್ನು ತೊರೆಕಾಡನಹಳ್ಳಿಯಲ್ಲಿ ಹಿಡಿದು, ಹಾರೋಹಳ್ಳಿ, ತಾತಗುಣಿಗಳಲ್ಲಿ ಮತ್ತೆ ಮತ್ತೆ ಎತ್ತಿ, ಸುಮಾರು ನೂರು ಕಿಲೋಮೀಟರ್ ದೂರ, ಸುಮಾರು ಐನೂರು ಮೀಟರ್ ಮೇಲಕ್ಕೆ ತಳ್ಳುತ್ತಾರೆ. ಬೆಟ್ಟ ಇಳಿದ ನೀರಿಗೆ ನಮಗಾಗಿ ಇನ್ನೊಂದು ಬೆಟ್ಟ ಹತ್ತುವ ಶಿಕ್ಷೆ. ಆ ಪಂಪುಗಳಿಗೆ ಕರೆಂಟು ಬೇಕು. ರಾಜ್ಯದ ಕರೆಂಟಿನ ಹಳೇ ಬೆನ್ನೆಲುಬು ಶರಾವತಿ. ಲಿಂಗನಮಕ್ಕಿ ಅಣೆಕಟ್ಟು ಮುಗಿದದ್ದು 1964ರಲ್ಲಿ. ಅದರಲ್ಲಿ ಮುಳುಗಿದ ಊರುಗಳ ಕುಟುಂಬಗಳು ಅರವತ್ತು ವರ್ಷ ದಾಟಿದ ಮೇಲೂ ಕೊಟ್ಟ ಭೂಮಿಗೆ ಹಕ್ಕುಪತ್ರ ಕೇಳಿಕೊಂಡು ಅಲೆಯುತ್ತಿವೆ. ಸಾಲದ್ದಕ್ಕೆ ನಮ್ಮ ಸಂಜೆಯ ದೀಪಗಳಿಗೆಂದು ಅದೇ ಕಣಿವೆಯಲ್ಲಿ, ಸಿಂಗಳೀಕಗಳ ಅಭಯಾರಣ್ಯದಲ್ಲಿ, 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ಹೊರಟಿದೆ. ಶರಾವತಿಯ ನೀರನ್ನೇ ಬೆಂಗಳೂರಿಗೆ ತರೋಣ ಎಂಬ ಮಾತು ಎದ್ದಾಗ 2019ರ ಜುಲೈನಲ್ಲಿ ಶಿವಮೊಗ್ಗ ಜಿಲ್ಲೆ ಬಂದ್ ಆಯಿತು. ಬಂದ್ ನೋಡಿ ನಮ್ಮಲ್ಲೊಬ್ಬರು “ಎಷ್ಟು ಸಂಕುಚಿತ ಮನಸ್ಸು” ಎಂದು ನೊಂದುಕೊಂಡರು.

ಹಾಗೆಂದು ಪಡೆದದ್ದನ್ನು ಇಟ್ಟುಕೊಳ್ಳುವ ಜನ ನಾವಲ್ಲ, ವಾಪಸ್ ಮಾಡುತ್ತೇವೆ. ರಾಜಾಜಿನಗರದ, ವಿಜಯನಗರದ ಬಚ್ಚಲುಗಳಿಂದ ಹೊರಟ ಕಾವೇರಿ ವೃಷಭಾವತಿ ಎಂಬ ಹೊಸ ಹೆಸರು, ಹೊಸ ಬಣ್ಣ, ಹೊಸ ವಾಸನೆ ಪಡೆದು ನಾಯಂಡಹಳ್ಳಿ, ಕೆಂಗೇರಿ ದಾಟಿ ಬೈರಮಂಗಲ ಕೆರೆ ಸೇರುತ್ತಾಳೆ. ಅಲ್ಲಿಂದ ಅರ್ಕಾವತಿ, ಸಂಗಮ, ಮತ್ತೆ ಕಾವೇರಿ. ನೊರೆಯನ್ನು ಬಡ್ಡಿಯೆಂದು ಲೆಕ್ಕ ಹಾಕಿಕೊಳ್ಳಬೇಕು. ವೃಷಭಾವತಿ ನಮ್ಮದೇ ಬೆಂಗಳೂರಿನ ದಿಣ್ಣೆಯಲ್ಲಿ ಹುಟ್ಟಿದ ನದಿ. ಮನೆ ಹಿಂದಿನ ನದಿಯನ್ನು ಚರಂಡಿ ಮಾಡಿದ ಅನುಭವವಿರುವ ನಾವು ಮುನ್ನೂರು ಕಿಲೋಮೀಟರ್ ಆಚೆಯವರಿಗೆ ಜಲಮೂಲ ಸಂರಕ್ಷಣೆಯ ಕಾರ್ಯಾಗಾರ ನಡೆಸುತ್ತೇವೆ. ಪ್ರಮಾಣಪತ್ರವನ್ನೂ ಕೊಡುತ್ತೇವೆ.

ಶುಕ್ರವಾರ ರಾತ್ರಿ ಕೆಂಗೇರಿಯಲ್ಲಿ ನಿಂತು ನೋಡಿ. ಬೆಟ್ಟದ ಆರ್ಥಿಕತೆಗೆ ಬಲ ತುಂಬಲು ಹೊರಟ ಕಾರುಗಳ ಸಾಲು ಕಾಣುತ್ತದೆ. ಹೋಂಸ್ಟೇ, ಜೀಪು, ಜಲಪಾತ, ಬಾಟಲಿ. 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಕುಮಾರ ಪರ್ವತಕ್ಕೆ ಸಾವಿರಾರು ಜನ ನುಗ್ಗಿ ಚೆಕ್‌ಪೋಸ್ಟಿನ ಮುಂದೆ ಜಾತ್ರೆ ನೆರೆದ ಮೇಲೆ ಅರಣ್ಯ ಇಲಾಖೆ ಚಾರಣ ನಿಲ್ಲಿಸಿತು. ಆಮೇಲೆ ದಿನಕ್ಕೆ 300 ಜನ, ಆನ್‌ಲೈನ್ ಬುಕಿಂಗ್ ಎಂದಾಯಿತು. ಬುಕಿಂಗ್ ಸಿಗದವರು ಸರ್ಕಾರ ಜನರನ್ನು ಪ್ರಕೃತಿಯಿಂದ ದೂರ ಮಾಡುತ್ತಿದೆ ಎಂದು ಮರುಗಿದರು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಜಾರಿ ಅರ್ಚಕರ ಮನೆಯನ್ನೇ ಹೊತ್ತುಕೊಂಡು ಹೋದಾಗ ಇದೇ ಗುಂಪುಗಳಲ್ಲಿ ಕೈಮುಗಿದ ಚಿತ್ರಗಳು ಹರಿದಾಡಿದ್ದವು. 2021ರ ಮಳೆಯಲ್ಲಿ, ಸುಳ್ಯ ತಾಲ್ಲೂಕಿನ ರಸ್ತೆ ಬದಿ ಕೂತು ಆನ್‌ಲೈನ್ ಪಾಠ ಕೇಳುತ್ತಿದ್ದ ಮಗಳಿಗೆ ಅಪ್ಪ ಕೊಡೆ ಹಿಡಿದು ನಿಂತ ಫೋಟೊ ಬಂದಾಗಲೂ ಅಷ್ಟೇ. ಕಣ್ಣೀರಿನ ಗುರುತು ಹಾಕಿ ಮುಂದೆ ಕಳಿಸಿದೆವು. ಮೊಬೈಲ್ ಟವರ್ ಯಾರೂ ಕಳಿಸಲಿಲ್ಲ.

ನಮ್ಮವರಿಗೆ ಬೆಟ್ಟದ ಬಗ್ಗೆ ತಿಳಿವಳಿಕೆ ಇಲ್ಲವೆಂದರೆ ತಪ್ಪಾಗುತ್ತದೆ. ಕೆಂಗೇರಿಯ ಆಚೆ ತುರಹಳ್ಳಿ ಗುಡ್ಡವಿದೆ. 2021ರಲ್ಲಿ ಅಲ್ಲಿ ವೃಕ್ಷೋದ್ಯಾನ ಮಾಡುತ್ತೇವೆಂದು ಅರಣ್ಯ ಇಲಾಖೆ ಹೊರಟಾಗ ನಾಗರಿಕರು ಗುಂಪುಗೂಡಿ ತಡೆದರು. ಕಾಡು ಬೇರೆ, ಪಾರ್ಕು ಬೇರೆ, ಇಲ್ಲಿಯವರನ್ನು ಕೇಳದೆ ಏನೂ ಮಾಡಕೂಡದು ಎಂದರು. ನೂರಕ್ಕೆ ನೂರು ಸರಿ. ಗಾಡ್ಗೀಳರೂ ಇದನ್ನೇ ಹೇಳಿದ್ದು. ತುರಹಳ್ಳಿಯಲ್ಲಿ ಅರ್ಥವಾದದ್ದು ತೀರ್ಥಹಳ್ಳಿಯ ವಿಷಯ ಬಂದಾಗ ಯಾಕೆ ಮರೆಯುತ್ತದೋ, ಬಹುಶಃ ಅಲ್ಲಿಗೆ ಬೆಳಗಿನ ವಾಕಿಂಗ್ ಹೋಗಲಾಗುವುದಿಲ್ಲ.

ಬೆಟ್ಟದ ಜನಕ್ಕೆ ಸಂಘಟನೆ ಕಲಿಸಬೇಕೆಂಬುದು ನಮ್ಮ ಗೋಷ್ಠಿಗಳ ಖಾಯಂ ನಿರ್ಣಯ. ಶಿರಸಿಯ ಅಡಿಕೆ ಬೆಳೆಗಾರರು ಮಾರಾಟಕ್ಕೆ ಸಹಕಾರಿ ಸಂಘ ಕಟ್ಟಿದ್ದು 1923ರಲ್ಲಿ, ವಿರಾಜಪೇಟೆಯ ಜೇನು ಸಾಕುವವರು ಕಟ್ಟಿದ್ದು 1936ರಲ್ಲಿ. ಆಗ ವಿಜಯನಗರದಲ್ಲಿ ರಾಗಿ ಬೆಳೆಯುತ್ತಿದ್ದರು. ಸಂಘ ಎಂದ ಮೇಲೆ ಜಗಳ, ಚುನಾವಣೆ, ಕೋರ್ಟು ಇದ್ದದ್ದೇ, ಆದರೂ ಆ ದುಡ್ಡು ಆ ಊರಿನದು. ಬಿಳಿಗಿರಿರಂಗನ ಬೆಟ್ಟ ಹುಲಿ ಸಂರಕ್ಷಿತ ಪ್ರದೇಶವಾದ 2011ರಲ್ಲೇ ಅಲ್ಲಿನ ಸೋಲಿಗರ 25 ಗ್ರಾಮಸಭೆಗಳು ಅರಣ್ಯ ಹಕ್ಕು ಕಾಯ್ದೆಯಡಿ ಸಮುದಾಯ ಹಕ್ಕು ಪಡೆದವು. ಜೇನು, ನೆಲ್ಲಿಕಾಯಿ, ಕಲ್ಲುಹೂವು ತಮ್ಮ ಕಾಡಿನಿಂದ ತಾವು ತರುವ ಹಕ್ಕು. ಆ ಜೇನಿನ ಬಾಟಲಿಗೆ ಬಸವೇಶ್ವರನಗರದಲ್ಲಿ ‘ಸ್ವಲ್ಪ ಕಮ್ಮಿ ಮಾಡ್ಕೊಳ್ಳಿ’ ಎಂದು ಚೌಕಾಸಿ ನಡೆಯುತ್ತದೆ, ಚೌಕಾಸಿ ಮಾಡುವವರ ಎದೆಯ ಮೇಲೆ ಪರ್ವತ ದಿನದ ಬ್ಯಾಡ್ಜ್ ಇರುತ್ತದೆ.

2025ರ ಏಪ್ರಿಲ್‌ನಲ್ಲಿ ಬೆಂಗಳೂರಿನ ನೀರಿನ ದರ ಏರಿತು. ನಾಲ್ಕು ದಿನ ಗೊಣಗಿ ಕಟ್ಟಿದೆವು. ಏರಿದ ದರದಲ್ಲಿ ಪಂಪಿನ ಕರೆಂಟಿಗೆ ಪಾಲಿದೆ, ಪೈಪಿಗಿದೆ, ಸಿಬ್ಬಂದಿಯ ಸಂಬಳಕ್ಕಿದೆ. ನೀರು ಹುಟ್ಟುವ ಊರಿಗೆಂದು ಬಿಲ್ಲಿನಲ್ಲಿ ಒಂದು ಸಾಲೂ ಇಲ್ಲ. ಹಸಿರು ಸೆಸ್ಸಿನ ಮಾತು ಮತ್ತೆ ಎದ್ದರೆ, ದಯವಿಟ್ಟು ಈ ಸಲ ಮೂರು ರೂಪಾಯಿ ಕೊಡಿ. ಸಿಟ್ಟನ್ನೇನೂ ಬಿಡಬೇಕಿಲ್ಲ, ಅದನ್ನು ಲೆಕ್ಕ ಕೇಳಲು ಉಳಿಸಿಕೊಳ್ಳಿ. ದುಡ್ಡು ರೈತನನ್ನು ಏಳಿಸಲು ಹೋಯಿತೋ ಉಳಿಸಲು ಹೋಯಿತೋ, ಯಾವ ತಾಲ್ಲೂಕಿನ ಯಾವ ಗ್ರಾಮಸಭೆಗೆ ಎಷ್ಟು ಹೋಯಿತು ಎಂದು ಬಿಲ್ಲಿನ ಹಿಂದೆ ಅಚ್ಚು ಹಾಕಿಸುವವರೆಗೂ ಬಿಡಬೇಡಿ.