ಮನೆ ಮಾರಿ ಹೋದವರಿಗೊಂದು ಬಹಿರಂಗ ಪತ್ರ

ಸನ್ಮಾನ್ಯ ಮಾಜಿ ಮಾಲೀಕರೇ,

ನಾವು ಕ್ಷೇಮ. ನೀವಂತೂ ಕ್ಷೇಮವಾಗಿಯೇ ಇರುತ್ತೀರಿ. ಬಿಲ್ಡರ್‌ನಿಂದ ಹೊಸ ಫ್ಲ್ಯಾಟ್ ತೆಗೆದುಕೊಂಡಿರಂತೆ, ಗ್ರೌಂಡ್ ಫ್ಲೋರ್ ಬೇಡ, ಕೊನೆಯ ಮಹಡಿಯೂ ಬೇಡ ಎಂದು ಹಟ ಹಿಡಿದು ನಡುವಿನದೇ ಆರಿಸಿಕೊಂಡಿರಂತೆ. ಯಾಕೆಂಬುದು ಈ ಮಳೆಗಾಲದಲ್ಲಿ ನಮಗೂ ಅರ್ಥವಾಯಿತು.

ಬೆಂಗಳೂರಿನ ಏಪ್ರಿಲ್ ಬಿಸಿಲಿನಲ್ಲಿ ನೀವು ಮನೆ ತೋರಿಸಿದಾಗ ಗೋಡೆಗಳಿಂದ ಹಸಿ ಬಣ್ಣದ ವಾಸನೆ ಬರುತ್ತಿತ್ತು. "ಮಗಳ ಮದುವೆ ಮಾಡಿದ ಮನೆ ಸ್ವಾಮಿ, ಬಣ್ಣ ಹೊಡೆಸದೆ ಹೇಗೆ ಕೊಡೋದು?" ಎಂದಿರಿ. ನನ್ನ ಹೆಂಡತಿಯ ಕಣ್ಣು ತುಂಬಿ ಬಂತು. ಹೋಗುವಾಗ ಹಾಲಿನ ಗೋಡೆಯಲ್ಲಿದ್ದ ತಿಮ್ಮಪ್ಪನ ಆಳೆತ್ತರದ ಫೋಟೊವನ್ನು ನಮಗೇ ಬಿಟ್ಟು, "ದೇವರನ್ನ ಮಾತ್ರ ಇಳಿಸಬೇಡಿ, ಮನೆಗೆ ಒಳ್ಳೇದಲ್ಲ" ಎಂದಿರಿ. ನೀವು ಆಡಿದ ಮಾತುಗಳಲ್ಲಿ ಅಕ್ಷರಶಃ ನಿಜವಾದದ್ದು ಅದೊಂದೇ. ಜುಲೈನಲ್ಲಿ ಚೌಕಟ್ಟಿಗೆ ಗೆದ್ದಲು ಹತ್ತಿತೆಂದು ಇಳಿಸಿದೆವು. ಹಿಂದೆ, ಕಿಟಕಿಯ ಲಿಂಟಲ್‌ನಿಂದ ಸೂರಿನವರೆಗೆ ಓರೆಯಾಗಿ ಹತ್ತಿದ ಬಿರುಕು. ಪುಟ್ಟಿ ಉದುರಿದ ಕಡೆ ಐದು ರೂಪಾಯಿ ನಾಣ್ಯ ಸಲೀಸಾಗಿ ಒಳಗೆ ಹೋಗುತ್ತದೆ. ಬಿರುಕಿಗೆ ಸಿಮೆಂಟು, ಸಿಮೆಂಟಿಗೆ ಪುಟ್ಟಿ, ಪುಟ್ಟಿಗೆ ಬಣ್ಣ, ಬಣ್ಣಕ್ಕೆ ಭಗವಂತ! ಏನು ಕೆಲಸಗಾರಿಕೆ!

"ಬೋರಲ್ಲಿ ನೀರಿಗೆ ಬರವಿಲ್ಲ" ಎಂದು ತುಂಬಿದ ಸಂಪಿನ ಮುಚ್ಚಳ ತೆಗೆದು ತೋರಿಸಿದ್ದಿರಿ. ನಾವು ಹಾಲುಕ್ಕಿಸಿದ ವಾರವೇ ಟ್ಯಾಂಕರ್ ಹುಡುಗ ಬಂದು ಕೇಳಿದ: "ಹಳೇ ಸಾರು ವಾರಕ್ಕೆ ಎರಡು ಲೋಡ್ ಹಾಕಿಸ್ತಿದ್ರು, ನಿಮಗೂ ಅಷ್ಟೇನಾ?"

ಇನ್ನು ಚೇಂಬರ್ ವಿಚಾರ. ಮೊದಲ ಜೋರು ಮಳೆಗೆ ಬಚ್ಚಲಿನ ಜಾಲರಿಯಿಂದ ಚರಂಡಿ ನೀರು ಮೇಲೆ ಬಂತು. ಪ್ಲಂಬರ್ "ಚೇಂಬರ್ ಎಲ್ಲಿ ಸಾರ್?" ಎಂದ. ಯಾರಿಗೆ ಗೊತ್ತು? ಕಾರು ನಿಲ್ಲಿಸುವ ಜಾಗದ ಹೊಚ್ಚ ಹೊಸ ಟೈಲ್ಸನ್ನು ಒಂದೊಂದಾಗಿ ಸುತ್ತಿಗೆಯಲ್ಲಿ ತಟ್ಟುತ್ತಾ ಹೋದ. ಪೊಳ್ಳು ಸದ್ದು ಬಂದಲ್ಲಿ ಒಡೆದ. ಮುಚ್ಚಳ ಸಿಕ್ಕಿತು, ಅದರೊಂದಿಗೆ ವಾಸನೆಯೂ. ಅಂದ ಕೆಡುತ್ತದೆಂದು ಚೇಂಬರನ್ನೇ ಹೂತಿಟ್ಟ ನಿಮ್ಮ ಸೌಂದರ್ಯಪ್ರಜ್ಞೆಗೆ ಅವನೂ ಬೆರಗಾದ.

ಕಾಗದಪತ್ರದಲ್ಲಿ ನಿಮ್ಮದು ಶುದ್ಧ ಹಸ್ತ. ಇ.ಸಿ. ತೆಗೆಸಿದೆವು, ಮೂಲಪತ್ರ ತಪಾಸಣೆ ಮಾಡಿಸಿದೆವು, ಖಾತೆಯೂ ಸರಿಯಿತ್ತು. ಆದರೆ ಇ.ಸಿ.ಯಲ್ಲಿ ಬರುವುದು ನೋಂದಣಿಯಾದ ವ್ಯವಹಾರ, ತಾರಸಿಯ ಸೋರಿಕೆಯಲ್ಲ. ಕ್ರಯಪತ್ರದ ಚಕ್ಕುಬಂದಿಯಲ್ಲಿ ನಾಲ್ಕು ದಿಕ್ಕುಗಳ ವಿವರವೂ ಚೊಕ್ಕವಾಗಿತ್ತು. ನೀರು ಬಂದದ್ದು ಮೇಲಿನಿಂದ ಮತ್ತು ಕೆಳಗಿನಿಂದ.

ನಿಮಗೆ ಅಂಥ ಚಿಂತೆಯಿಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ, ಸ್ವಾಧೀನ ಪಡೆದ 5 ವರ್ಷದೊಳಗೆ ನಿಮ್ಮ ಫ್ಲ್ಯಾಟಿನಲ್ಲಿ ಕಟ್ಟಡದ ದೋಷವೋ ಕಳಪೆ ಕೆಲಸವೋ ಕಂಡುಬಂದರೆ, ತಿಳಿಸಿದ 30 ದಿನದಲ್ಲಿ ಬಿಲ್ಡರ್ ಪುಕ್ಕಟೆ ಸರಿಮಾಡಿಕೊಡಬೇಕು. ಹಳೇ ಮನೆಯನ್ನು ನಿಮ್ಮಂಥವರಿಂದ ಕೊಂಡ ನಮಗೆ ಉಳಿದದ್ದು 1882ರ ಸ್ವತ್ತು ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್. ಮಾರುವವನಿಗೆ ಗೊತ್ತಿರುವ, ಕೊಳ್ಳುವವನು ಸಾಮಾನ್ಯ ಎಚ್ಚರಿಕೆಯಿಂದ ನೋಡಿದರೂ ಕಾಣದ ಮುಖ್ಯ ದೋಷವನ್ನು ಮೊದಲೇ ಹೇಳಬೇಕು, ಹೇಳದಿದ್ದರೆ ಅದು ವಂಚನೆ ಎನ್ನುತ್ತದೆ ಅದು. ತಿಮ್ಮಪ್ಪನನ್ನು ಗೋಡೆಯಿಂದ ಎತ್ತಿ ನೋಡುವುದು ಸಾಮಾನ್ಯ ಎಚ್ಚರಿಕೆಯಲ್ಲಿ ಬರುತ್ತದೆಯೇ? ಬರುವುದಿಲ್ಲ ಎಂಬುದು ನಮ್ಮ ವಕೀಲರ ಅಭಿಪ್ರಾಯ.

ಕಡೆಯದಾಗಿ ಒಂದು ವಿನಂತಿ. ಮಹಡಿ ಕೋಣೆಯಲ್ಲಿ ಒಂದು ನಿಲುವುಗನ್ನಡಿಯನ್ನೂ ಎರಡು ಕ್ಯಾಲೆಂಡರುಗಳನ್ನೂ ಬಿಟ್ಟುಹೋಗಿದ್ದೀರಿ. ಅವನ್ನು ಮುಟ್ಟಲು ನಮಗಿನ್ನೂ ಧೈರ್ಯ ಬಂದಿಲ್ಲ. ಹಿಂದೆ ಏನೇನಿದೆ ಎಂದು ಒಂದು ಫೋನ್ ಮಾಡಿ ತಿಳಿಸಿ. ವಕೀಲರ ನೋಟಿಸು ಸ್ಪೀಡ್ ಪೋಸ್ಟಿನಲ್ಲಿ ಬರುತ್ತಿದೆ, ದಯವಿಟ್ಟು ಸಹಿ ಹಾಕಿ ತೆಗೆದುಕೊಳ್ಳಿ.

ಇಂತಿ ನಿಮ್ಮ,
ಹಾಲಿ ಮಾಲೀಕ